ಹಬೆಯೊಳಗಿನ ಅಕ್ಕ

ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಸುಮ್ಮನೆ ಕೂತಿತ್ತು. ಅದರ ಅಂಚಿನಿಂದ ಎದ್ದ ತೆಳು ಹೊಗೆ ಬಾಗಿಲ ಬೆಳಕಿನಲ್ಲಿ ಬಳುಕುತ್ತಾ ಮೇಲೇರುವುದನ್ನು ಅಕ್ಕ ನೋಡುತ್ತಾ ನಿಂತಿದ್ದಳು. ಎಷ್ಟು ಚೆಂದ ಅನ್ನಿಸಿತು. ಅಂಗಿ ಸುಡುತ್ತಿದೆ ಎಂದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಅದು ಯಾರದೋ ಊರಿನ ಸುದ್ದಿಯಂತೆ ದೂರದಲ್ಲಿತ್ತು.

“ಅಕ್ಕಾ! ಕಣ್ಣು ಎಲ್ಲಿಟ್ಟಿದ್ದೀಯ?”

ಒಳಗೆ ನುಗ್ಗಿದ ತಮ್ಮ ಪೆಟ್ಟಿಗೆ ಎತ್ತಿಟ್ಟ. ಬಸ್ ಓಡಿಸುವ ಅವನು, ಅಮ್ಮ ತೀರಿಕೊಂಡ ಮೇಲೆ ಅಕ್ಕನ ಈ ಲಾಂಡ್ರಿಯ ಮೆಟ್ಟಿಲು ತುಳಿದದ್ದು ಇದೇ ಮೊದಲು. ಹೆತ್ತವಳು ಹೋದ ದಿನ ಅಕ್ಕ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅದು ಅವನೆದೆಯಲ್ಲಿ ಮುಳ್ಳಾಗಿ ಕೂತಿತ್ತು.

ಬೈಯಲು ಬಾಯಿ ತೆರೆದವನು ಅವಳ ತೋಳು ನೋಡಿ ತಡೆದ. ಅಲ್ಲಲ್ಲಿ ನೀಲಿಗಟ್ಟಿತ್ತು.

“ಏನಿದು? ಯಾರಾದ್ರೂ ಹೊಡೆದ್ರಾ?”

“ನನಗೆ ಹೊಡೆಯೋ ಗಂಡು ಇನ್ನೂ ಹುಟ್ಟಿಲ್ಲ. ಮೇಜು ತಾಗಿರ್ಬೇಕು.” ನಕ್ಕಳು. ಹಲ್ಲಿನ ಸಂದಿಯಲ್ಲಿ ರಕ್ತ ಕಂಡಿತು.

ಬೇಡ ಬೇಡವೆಂದರೂ ಬಿಡದೆ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ವಸಡು ನೋಡಿ, ತೋಳಿನ ಕಲೆ ನೋಡಿ, “ದಿನಾ ಏನು ತಿಂತೀರಿ?” ಎಂದರು.

“ಟೀ, ಬ್ರೆಡ್ಡು.”

“ಆಮೇಲೆ?”

“ಇನ್ನೊಂದು ಟೀ.”

ಅಮ್ಮ ಹಾಸಿಗೆ ಹಿಡಿದಾಗ ಒಲೆ ಹಚ್ಚಲು ಪುರುಸೊತ್ತಿಲ್ಲದೆ ಶುರುವಾದದ್ದು ಹಾಗೇ ಉಳಿದುಬಿಟ್ಟಿತ್ತು. ರಕ್ತಪರೀಕ್ಷೆಯ ವರದಿ ಬಂದಾಗ ಡಾಕ್ಟರಮ್ಮ, “ವಿಟಮಿನ್ ಸಿ ತಳ ಕಂಡಿದೆ. ವಸಡಿನ ರಕ್ತ, ನೀಲಿ ಕಲೆ ಎಲ್ಲಾ ಅದರಿಂದಲೇ” ಎಂದರು.

“ವಸಡಿಗೆ ಸರಿ. ಇವಳು ಅಂಗಿ ಸುಡ್ತಿದ್ರೂ ಎಲ್ಲೋ ತೇಲ್ತಾ ಇದ್ಲಲ್ಲ, ಅದಕ್ಕೆ?” ತಮ್ಮ ಕೇಳಿದ.

“ಅದಕ್ಕೂ ನಂಟಿದೆ. ಮೆದುಳು ಸುದ್ದಿ ಸಾಗಿಸೋಕೆ ಕೆಲವು ರಾಸಾಯನಿಕಗಳನ್ನ ತಾನೇ ತಯಾರಿಸ್ಕೊಳ್ಳುತ್ತೆ. ಡೋಪಮಿನ್ ಅಂತ ಒಂದು. ಅದರಿಂದಲೇ ಇನ್ನೊಂದು ಆಗ್ಬೇಕು, ನಮ್ಮನ್ನ ಎಚ್ಚರವಾಗಿಡೋದು ಅದು. ಆ ಕೆಲಸಕ್ಕೆ ವಿಟಮಿನ್ ಸಿ ಕೈಜೋಡಿಸ್ಬೇಕು. ಹಾಗಂತ ಮಂಕಿಗೆಲ್ಲಾ ಇದೊಂದೇ ಕಾರಣ ಅನ್ನೋಕಾಗಲ್ಲ, ದುಃಖಾನೂ ಇರಬಹುದು. ಮೊದಲು ಇದನ್ನ ತುಂಬಿಸೋಣ.”

ತಮ್ಮ ತಲೆ ತಗ್ಗಿಸಿದ. ಕಲ್ಲು ಮನಸ್ಸಿನವಳು ಎಂದು ಎಷ್ಟು ಜನರ ಮುಂದೆ ಆಡಿಕೊಂಡಿದ್ದ!

ದಾರಿಯಲ್ಲಿ ಸೀಬೆಹಣ್ಣು ಕೊಂಡ. ಅಕ್ಕ ಮುಟ್ಟಲಿಲ್ಲ. “ಹೀಗೇ ಹಾಯಾಗಿದ್ದೀನಿ ಕಣೋ. ಏನೂ ನೋಯಲ್ಲ.”

“ತಿನ್ನು ಸುಮ್ನೆ.”

ಅಂದಿನಿಂದ ಡ್ಯೂಟಿ ಮುಗಿಸಿ ಬರುವುದು, ಹಣ್ಣು ಹೆಚ್ಚಿಕೊಡುವುದು, ಎದುರಿಗೇ ಮಾತ್ರೆ ನುಂಗಿಸುವುದು ಅವನ ಕೆಲಸವಾಯಿತು. ಹಬೆಯ ನಡುವೆ ಅಕ್ಕ ನಿಧಾನವಾಗಿ ಅತ್ತಿತ್ತ ತೇಲುತ್ತಿದ್ದಳು. ಬಟ್ಟೆಗಳು ತಾವಾಗಿಯೇ ಮಡಚಿಕೊಳ್ಳುತ್ತಿವೆಯೇನೋ ಎಂಬಂತೆ.

ಮೊದಲು ಮರಳಿದ್ದು ಸಿಟ್ಟು. ಮಡಿಕೆ ಸರಿಯಿಲ್ಲ ಎಂದ ಗಿರಾಕಿಗೆ, “ಹಾಗಾದ್ರೆ ನೀವೇ ಬಂದು ಉಜ್ಜಿ!” ಎಂದು ಬಿಸಿ ಮುಟ್ಟಿಸಿದಳು. ತಮ್ಮನಿಗೆ ಹಿಗ್ಗೋ ಹಿಗ್ಗು. ಆಮೇಲೆ ಹಸಿವು ಬಂತು. ಬೀದಿಯ ಸದ್ದುಗಳು ಒಂದೊಂದಾಗಿ ಹತ್ತಿರ ಬಂದು ಕೂತವು.

ಒಂದು ಸಂಜೆ ದುಪ್ಪಟಿ ಮಡಚುತ್ತಿದ್ದವಳು ಥಟ್ಟನೆ ನಿಂತಳು.

“ಅಮ್ಮ ಕೊನೆಗೆ ನನ್ನ ಕೈ ಹಿಡ್ಕೊಂಡಿದ್ಲು ಕಣೋ. ಎಷ್ಟು ತಣ್ಣಗಿತ್ತು ಗೊತ್ತಾ?”

ಅಷ್ಟೇ. ಕಟ್ಟೆಯೊಡೆದ ಹಾಗೆ ಅಳು ಬಂತು. ದುಪ್ಪಟಿಯಲ್ಲಿ ಮುಖ ಹುದುಗಿಸಿ ನೆಲಕ್ಕೆ ಕುಸಿದಳು. “ಈಗ ನೋಯ್ತಿದೆ. ಇದಕ್ಕೇ ಬೇಡ ಅಂದಿದ್ದು.”

ತಮ್ಮ ಪಕ್ಕದಲ್ಲಿ ಕೂತ. “ಅಳಕ್ಕ. ಇಷ್ಟು ದಿನ ನಾನೊಬ್ಬನೇ ಅಳ್ತಿದ್ದೆ. ನಿನ್ನ ಬೈಕೊಂಡು ಅಳ್ತಿದ್ದೆ.”

ಬಟ್ಟೆ ಒಯ್ಯಲು ಬಂದ ಹೆಂಗಸೊಬ್ಬಳು ಹೊಸಿಲಲ್ಲೇ ನಿಂತಳು. ಬಟ್ಟೆಗಂಟುಗಳ ನಡುವೆ ಒಬ್ಬರಿಗೊಬ್ಬರು ಒರಗಿ ಕೂತ ಅಕ್ಕ ತಮ್ಮಂದಿರನ್ನು ನೋಡಿದಳು. ತನ್ನ ಗಂಟನ್ನು ಸದ್ದಾಗದಂತೆ ಎತ್ತಿಕೊಂಡು, ಬಾಗಿಲನ್ನು ಮೆಲ್ಲನೆ ಮುಂದಕ್ಕೆಳೆದು, ಬೀದಿಗಿಳಿದಳು.