ಗಾಜಿನೊಳಗಿನ ಕೈ

"ಸತ್ತು ಮಣ್ಣಾದ್ರೂ ಈ ಮುಂಡೆ ಕಂಪನಿ ಮಾನ ಕಳೀತಾನೇ ಇದ್ದಾಳೆ! ಬಾರೇ ಇಲ್ಲಿ. ಬಗ್ಗಿ ನೋಡು, ನಿನ್ನ ತಂಗಿ ಮಾಡಿರೋ ಘನಕಾರ್ಯ!"

ಗಡಿಯಾರ ನನ್ನ ಕತ್ತು ಹಿಡಿದು ಬಗ್ಗಿಸಲಿಲ್ಲ, ಅದೊಂದು ಬಾಕಿ. ಕೊರಳಲ್ಲಿ ಸೀಟಿ, ಕಣ್ಣು ಯಾವಾಗಲೂ ಗೋಡೆಗಡಿಯಾರದ ಮುಳ್ಳಿನ ಮೇಲೆ. ನಮ್ಮ ಸೂಪರ್‌ವೈಸರಿಗೆ ನಾವು ಹೆಂಗಸರು ಇಟ್ಟ ಹೆಸರು ಗಡಿಯಾರ.

ಆಫೀಸಿನ ಮೇಜಿನ ಮೇಲೆ ಒಂದು ಸೋಲಾರ್ ಪ್ಯಾನೆಲ್ ಅಂಗಾತ ಬಿದ್ದಿತ್ತು. ಇಪ್ಪತ್ತೈದು ವರ್ಷ ಬಾಳುತ್ತದೆ ಎಂದು ಬರೆದುಕೊಟ್ಟು ಕಳಿಸಿದ್ದು, ಮೂರನೇ ವರ್ಷಕ್ಕೇ ಯಾವುದೋ ಆಸ್ಪತ್ರೆಯ ತಾರಸಿಯಿಂದ ಇಳಿದು ವಾಪಸು ಬಂದಿತ್ತು. ಗಾಜಿನ ಕೆಳಗೆ ಅಂಟು ಬಿಟ್ಟುಕೊಂಡು ಗುಳ್ಳೆ ಎದ್ದಿತ್ತು. ಗುಳ್ಳೆಗಳ ನಡುವೆ ಕಂದು ಬಣ್ಣದ ಒಂದು ಅಂಗೈ. ಐದೂ ಬೆರಳು. ಕಿರುಬೆರಳು ಒಳಕ್ಕೆ ಬಾಗಿತ್ತು.

ನನ್ನ ತಂಗಿಗೆ ಹುಟ್ಟಿನಿಂದಲೇ ಕಿರುಬೆರಳು ಹಾಗೆ. ಅವಳ ಮಗಳಿಗೂ ಹಾಗೇ. ಈಗ ನನ್ನನ್ನೇ ಅಮ್ಮ ಎನ್ನುವ ಆ ಮಗುವಿನ ಕೈಯನ್ನು ದಿನಾ ಬೆಳಿಗ್ಗೆ ಉಜ್ಜಿ ತೊಳೆಯುವವಳು ನಾನು. ಗುರುತು ಸಿಗದೆ ಇರುತ್ತದೆಯೇ?

ಮ್ಯಾನೇಜರು ಒಂದು ಕಾಗದವನ್ನು ನನ್ನ ಕಡೆ ತಳ್ಳಿದರು. ಅವರದು ತಣ್ಣನೆಯ ದನಿ. "ನೋಡಮ್ಮ, ನೂರಾರು ಪ್ಯಾನೆಲ್ ವಾಪಸ್ ಬಂದಿವೆ. ನಾಳೆ ಕೊಂಡವರ ಕಡೆಯೋರು ಬಂದು ಕಾರಣ ಕೇಳ್ತಾರೆ. ನಿನ್ನ ತಂಗಿ ಗ್ಲೌಸ್ ಹಾಕ್ಕೊಳ್ದೆ ಬೆವರುಗೈಯಲ್ಲಿ ಕೆಲಸ ಮಾಡ್ತಿದ್ಲು, ಅದು ಅವಳದೇ ಅಲಕ್ಷ್ಯ ಅಂತ ಬರ್ದಿದೆ. ಜೊತೆಗಿದ್ದೋಳು ನೀನು. ಸಾಕ್ಷಿ ಸೈನ್ ಹಾಕು."

"ನೂರಾರು ಪ್ಯಾನೆಲ್‌ನಲ್ಲೂ ಅವಳ ಕೈ ಇದೆಯಾ ಸಾರ್?"

"ಎದುರುತ್ತರ ಬೇರೆ!" ಎಂದ ಗಡಿಯಾರ. "ಹೊಲಸು ಕೈ ಒಂದು ಕಡೆ ಇಟ್ರೆ ಸಾಕು, ಎಲ್ಲಾ ಹೊಲಸೇ."

ಪ್ಯಾನೆಲ್ಲಿನ ಅಂಚು ಎತ್ತಿ ಬೆನ್ನಿಗೆ ಅಂಟಿಸಿದ್ದ ಚೀಟಿ ನೋಡಿದೆ. ದಿನ, ಪಾಳಿ, ಮೇಜಿನ ನಂಬರು. ನಮ್ಮದೇ ಮೇಜು. ಅವಳು ಕೆಲಸಕ್ಕೆ ಬಂದ ಕೊನೆಯ ದಿನ.

ನಾವು ಮಾಡುವ ಕೆಲಸ ಇಷ್ಟೇ. ಒರೆಸಿದ ಗಾಜಿನ ಮೇಲೆ ತೆಳ್ಳನೆಯ ಅಂಟಿನ ಹಾಳೆ ಹಾಸಿ ಅಂಗೈಯಿಂದ ಸವರಿ ಸುಕ್ಕು ತೆಗೆಯುವುದು. ಅದರ ಮೇಲೆ ಬಿಸಿಲು ಹೀರುವ ಕರೀ ಬಿಲ್ಲೆಗಳ ಸಾಲು, ಮತ್ತೊಂದು ಹಾಳೆ, ಕೊನೆಗೆ ಬೆನ್ನಿನ ಹೊದಿಕೆ. ಆಮೇಲೆ ಅದು ಒಲೆಗೆ ಹೋಗುತ್ತದೆ. ಮುಚ್ಚಳ ಬಿದ್ದು ಗಾಳಿ ಹೀರಿ ಬೇಯಿಸುವ ಆ ದೊಡ್ಡ ಯಂತ್ರಕ್ಕೆ ನಾವು ಕರೆಯುವುದೇ ಒಲೆ ಎಂದು, ಅದನ್ನು ನಡೆಸುವವನಿಗೆ ಒಲೆಯಣ್ಣ ಎಂದು. ಹದಿನಾರು ನಿಮಿಷ ಬೆಂದರೆ ಅಂಟು ಕರಗಿ, ಹರಡಿ, ಗಾಜನ್ನೂ ಬಿಲ್ಲೆಯನ್ನೂ ಕಚ್ಚಿ ಹಿಡಿಯುತ್ತದೆ. ಆ ವರ್ಷ ಆರ್ಡರು ಜಾಸ್ತಿಯಾಯಿತು. ಹದಿನಾರು ಹತ್ತಾಯಿತು. ಹತ್ತಕ್ಕೆ ಗಡಿಯಾರ ಸೀಟಿ ಊದುತ್ತಿದ್ದ, ಒಲೆಯಣ್ಣ ಮುಚ್ಚಳ ಎತ್ತುತ್ತಿದ್ದ. "ಅರೆಬೆಂದಿದ್ದು ತಿಂದ್ರೆ ಹೊಟ್ಟೆನೋವು ಬರುತ್ತೆ. ಇದನ್ನ ತಿನ್ನೋನು ಸೂರ್ಯ, ಅವನಿಗೇನು ಬಿಡಿ" ಎಂದು ತಂಗಿ ನಗಿಸುತ್ತಿದ್ದಳು.

ಅದೇ ವರ್ಷ ಗ್ಲೌಸೂ ಕಡಿಮೆಯಾಯಿತು. ಒಬ್ಬೊಬ್ಬರಿಗೂ ಪಾಳಿಗೊಂದು ಜೊತೆ ಇದ್ದದ್ದು ಮೇಜಿಗೊಂದು ಜೊತೆಯಾಯಿತು, ಅದೂ ವಾರಕ್ಕೆ. ಮೇಜಿಗೆ ಇಬ್ಬರು. ಗಾಜಿನ ಅಂಚು ಕೊಯ್ದು ನನ್ನ ಬೆರಳೆಲ್ಲ ಬಿರಿದಿತ್ತು. "ನೀನೇ ಹಾಕ್ಕೊಳೇ ಅಕ್ಕ. ನನ್ನ ಕೈ ಬೆಣ್ಣೆ, ಮುಟ್ಟಿದ್ರೆ ಗಾಜೇ ನಾಚ್ಕೊಳ್ಳುತ್ತೆ" ಎಂದಳು. ನಾನು ಹಾಕಿಕೊಂಡೆ. ಎರಡನೇ ಸಲ ಹೇಳಿಸಿಕೊಳ್ಳಲೂ ಇಲ್ಲ.

ಆ ಕೊನೆಯ ದಿನ ಅವಳ ಮೈ ಕೆಂಡ. ರಜ ಕೇಳಿದಳು. "ಜ್ವರ ಬಂದಿರೋದು ಮೈಗೆ ತಾನೇ? ಕೈಗೇನು ದೊಡ್ಡರೋಗ? ಕೈ ಆಡ್ಸು" ಎಂದಿದ್ದ ಗಡಿಯಾರ. ಅವಳು ಆಡಿಸಿದಳು. ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಹಾಳೆಯ ಮೇಲೆ ಕೈಯೂರಿ ನಿಂತಳು. ಒಂದು ಕ್ಷಣ. ಅಷ್ಟರಲ್ಲಿ ಸೀಟಿ. ನಾನೇ ಅವಳ ಕೈ ಎತ್ತಿಸಿ, ಬಿಲ್ಲೆ ಹಾಸಿ ಒಲೆಗೆ ತಳ್ಳಿದೆ. ಮೂರನೇ ದಿನಕ್ಕೆ ಅವಳು ಇರಲಿಲ್ಲ.

"ಗ್ಲೌಸ್ ನನ್ನ ಕೈಲಿತ್ತು ಸಾರ್" ಎಂದೆ. "ಬರೆಯೋದಿದ್ರೆ ನನ್ನ ಹೆಸರು ಬರೀರಿ. ಒಲೆ ಹತ್ತು ನಿಮಿಷಕ್ಕೆ ಇಳಿಸಿದ್ದು ಯಾರು, ಅದನ್ನೂ ಬರೀರಿ."

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. "ಸತ್ತೋಳ ಹೆಸರು ಹಾಕಿದ್ರೆ ಯಾರಿಗೂ ನಷ್ಟ ಇಲ್ಲ. ನಿನ್ನ ಹೆಸರು ಹಾಕಿದ್ರೆ ನಿನ್ನ ಕೆಲಸ ಹೋಗುತ್ತೆ. ಯೋಚ್ನೆ ಮಾಡು."

ಯೋಚನೆ ಮಾಡಿದೆ. ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಇದ್ದದ್ದು ಗುರುತಿನ ಚೀಟಿಯಲ್ಲಿ, ಅದನ್ನು ಸತ್ತ ಮಾರನೇ ದಿನವೇ ಕಂಪನಿಯವರು ವಾಪಸು ಇಸಿದುಕೊಂಡಿದ್ದರು. "ನನ್ನ ಹೆತ್ತಮ್ಮ ಹೇಗಿದ್ಲು?" ಎಂದು ಮಗು ಕೇಳಿದರೆ ನನ್ನ ಮುಖವನ್ನೇ ತೋರಿಸುತ್ತೇನೆ.

"ಸೈನ್ ಹಾಕಿದ್ರೆ..." ನನ್ನ ದನಿ ನನಗೇ ಅಸಹ್ಯವಾಯಿತು. "ಆ ಪ್ಯಾನೆಲ್ ನನಗೆ ಕೊಡ್ತೀರಾ?"

ಗಡಿಯಾರ ಗೊಳ್ಳೆಂದು ನಕ್ಕ. "ಕೆಟ್ಟಿರೋದನ್ನ ತಗೊಂಡು ದೀಪ ಹಚ್ತೀಯೇನೇ?"

"ತಗೊಂಡು ಹೋಗು" ಎಂದರು ಮ್ಯಾನೇಜರು, ಪೆನ್ನು ಕೊಡುತ್ತ.

ಪೆನ್ನು ಹಿಡಿದೆ. ಆ ಕೈಯ ಮೇಲೆ ಮಗುವಿನ ಕೈ ಇಟ್ಟು, ನೋಡು ಕಂದಾ, ಇದು ನಿನ್ನಮ್ಮ ಎನ್ನಬಹುದಿತ್ತು. ಆಮೇಲೆ ಅವಳು ಓದು ಕಲಿಯುತ್ತಾಳೆ. ಈ ಕಾಗದ ಎಂದೋ ಒಂದು ದಿನ ಅವಳ ಕೈಗೆ ಸಿಗುತ್ತದೆ. ಹೊಲಸು ಕೈಯವಳ ಮಗಳು.

ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟೆ. "ಆಗಲ್ಲ ಸಾರ್."

ಗಡಿಯಾರನಿಗೆ ಅಷ್ಟು ಸಾಕಾಗಿತ್ತು. ಪ್ಯಾನೆಲ್ಲನ್ನು ದರದರ ಅಂಗಳಕ್ಕೆ ಎಳೆದುಕೊಂಡು ಹೋದ. ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಗಾಜು ಇಡೀ ಸಕ್ಕರೆ ಹರಳಿನ ಹಾಗೆ ಬಿರಿಯಿತು, ಆದರೂ ಅಲ್ಲಲ್ಲೇ ಅಂಟಿಕೊಂಡು ನಿಂತಿತು. ಉದುರಿದ್ದು ಅಂಗೈ ಇದ್ದ ಜಾಗ ಮಾತ್ರ. ಅಲ್ಲಿ ಅಂಟು ಕಚ್ಚಿರಲೇ ಇಲ್ಲ.

"ಹೋಗು, ಇವತ್ತಿನ ಪಾಳಿ ಮುಗ್ಸು" ಎಂದ ಏದುಸಿರು ಬಿಡುತ್ತ. "ನಾಳೆಯಿಂದ ಬರ್ಬೇಡ."

ಮೇಜಿನ ಮೇಲೆ ಅಂದು ಎಲ್ಲರಿಗೂ ಹೊಚ್ಚ ಹೊಸ ಗ್ಲೌಸು. ನಾಳೆ ನೋಡುವವರು ಬರುತ್ತಾರಲ್ಲ. ನನ್ನ ಮೇಜಿಗೆ ಹೋಗುವ ದಾರಿಯಲ್ಲಿ ಒಲೆಯಣ್ಣನ ಹತ್ತಿರ ನಿಂತೆ.

"ಅಣ್ಣಾ, ನೀನೊಂದು ಮಾತು ಹೇಳಬಹುದಿತ್ತು. ಹದಿನಾರು ನಿಮಿಷ ಬೇಕು ಅಂತ."

"ನನ್ನ ಮಕ್ಕಳನ್ನ ನೀನು ಸಾಕ್ತೀಯೇನಮ್ಮಾ?" ಎಂದ. ತಲೆ ಎತ್ತಲಿಲ್ಲ.

ನಾನು ಗಾಜು ಒರೆಸಿದೆ. ಹಾಳೆ ಹಾಸಿದೆ. ಹೊಸ ಗ್ಲೌಸನ್ನು ಬಲಗೈಯಿಂದ ಕಳಚಿ, ಬಿರಿದ ಬೆರಳುಗಳ ಅಂಗೈಯನ್ನು ಹಾಳೆಯ ನಟ್ಟನಡುವೆ ಊರಿದೆ. ಮೈ ಭಾರವನ್ನೆಲ್ಲ ಬಿಟ್ಟು ಒತ್ತಿದೆ. ಹೊಲಸು ಕೈ ಎನ್ನುವುದಾದರೆ ಇದನ್ನೂ ಎನ್ನಲಿ. ತಂಗಿಯ ಜಾಗದಲ್ಲಿ ಈಗ ನಿಲ್ಲುವ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಮುದುಕಿ ನನ್ನನ್ನೇ ನೋಡಿದಳು.

"ನಿನ್ನ ತಂಗಿ ನನ್ನನ್ನ ಅತ್ತೆ ಅಂತಿದ್ಲು ಕಣೇ. ನನ್ನ ಮಗನ್ನ ಕಟ್ಕೊಳ್ದೇನೇ" ಎಂದಳು. ಮುದಿ ಕೈಯ ಗ್ಲೌಸು ಹಲ್ಲಲ್ಲಿ ಕಚ್ಚಿ ಎಳೆದು, ನನ್ನ ಕೈ ಪಕ್ಕಕ್ಕೆ ತನ್ನದನ್ನೂ ಇಟ್ಟಳು. ಆಚೆ ಮೇಜಿನಲ್ಲೂ ಗ್ಲೌಸು ಕಳಚಿದ ಸದ್ದು. ಅದರಾಚೆಯೂ.

ಬಿಲ್ಲೆ ಹಾಸಿ, ಮುಚ್ಚಿ, ಒಲೆಗೆ ತಳ್ಳಿದೆವು. ಒಲೆಯಣ್ಣ ಅಡಿಯಿಂದ ಗಾಜಿನೊಳಕ್ಕೆ ಒಮ್ಮೆ ಬಗ್ಗಿ ನೋಡಿದ. ಮುಚ್ಚಳ ಇಳಿಸಿದ.

ಹತ್ತು ನಿಮಿಷಕ್ಕೆ ಸೀಟಿ ಕೂಗಿತು. ಮುಚ್ಚಳ ಏಳಲಿಲ್ಲ.

"ಎತ್ತೋ!" ಗಡಿಯಾರ ಅರಚಿದ. "ಕಿವಿಗೇನು ಸೀಸ ಹೊಯ್ಕೊಂಡಿದ್ದೀಯಾ, ಬೋಳಿಮಗನೇ? ಎತ್ತೋ!"

ಒಲೆಯಣ್ಣ ಮುಚ್ಚಳ ಎತ್ತುವ ಗುಂಡಿಗೆ ಬೆನ್ನು ಕೊಟ್ಟು, ಕೈ ಕಟ್ಟಿ ನಿಂತಿದ್ದ.

"ಬೇಯಲಿ ಬಿಡಿ" ಎಂದ. "ಇನ್ನೂ ಆರು ನಿಮಿಷ ಇದೆ."