ಬಿಟ್ಟ ಜಾಗ

"ಎಡಕ್ಕೆ, ಸ್ವಲ್ಪ ಎಡಕ್ಕೆ. ತಲೆ ಕಡೆ ಎತ್ತಿ ಹಿಡೀರಿ" ಎನ್ನುತ್ತ ಸ್ಟ್ರೆಚರಿನ ಕಾಲ್ದೆಸೆಯನ್ನು ಹಿಡಿದು ತಮ್ಮ ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಿದ್ದ. ಮೂರನೆಯ ಮಹಡಿಯಿಂದ ಅಕ್ಕನನ್ನು ಇಳಿಸಬೇಕಿತ್ತು. ಲಿಫ್ಟಿನಲ್ಲಿ ನಿಂತವರಿಗೆ ಮಾತ್ರ ಜಾಗ, ಮಲಗಿದವರಿಗಲ್ಲ. ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಖಂಡಿತ ಎಂದುಕೊಂಡಿದ್ದ. ವಯಸ್ಸೆಲ್ಲ ಮನೆ ಕಟ್ಟಿಸುವುದರಲ್ಲೇ ಕಳೆದವನ ಲೆಕ್ಕ ಅದು. ಆದರೆ ಸ್ಟ್ರೆಚರು ಗೋಡೆಗೆ ತಾಗದೆ ಸಲೀಸಾಗಿ ಹೊರಳಿತು.

"ಅಮ್ಮ ಈ ಮನೆ ತಗೊಂಡಿದ್ದೇ ಮೆಟ್ಟಿಲು ನೋಡಿ, ಮಾಮ" ಎಂದಳು ಹಿಂದೆ ಬರುತ್ತಿದ್ದ ಅಕ್ಕನ ಮಗಳು. ಅತ್ತು ಅತ್ತು ದನಿ ಕಟ್ಟಿತ್ತು. "ದಲ್ಲಾಳಿ ಬಾಲ್ಕನಿ ತೋರಿಸ್ತಿದ್ರೆ ಇವಳು ಇಲ್ಲಿ ನಿಂತು ಕೈ ಚಾಚಿ ಅಳೀತಿದ್ಲು. ಒಳಗೆ ಬರೋದು ಹೇಗೋ ಆಗತ್ತೆ, ಹೊರಗೆ ಹೋಗೋದೂ ಆಗ್ಬೇಕಲ್ಲ ಅಂದಿದ್ಲು."

ಸ್ಟ್ರೆಚರಿಗೆ ಹೆಗಲು ಕೊಟ್ಟವರಲ್ಲಿ ಒಬ್ಬ ನಗು ತಡೆಯಲಾರದೆ ಕೆಮ್ಮಿದ. ತಮ್ಮ ಮುಂದಿನ ಮೆಟ್ಟಿಲಿಗೆ ಕಾಲು ತಡವಿದ. ಎಷ್ಟೋ ವರ್ಷಗಳ ಮೇಲೆ ಅವನು ಈ ಮೆಟ್ಟಿಲು ತುಳಿದದ್ದು ಇವತ್ತೇ.

ಕೆಳಗೆ ಅಂಗಳದ ಮರದಡಿ ಎರಡು ಬೆಂಚು ಜೋಡಿಸಿ ಅಕ್ಕನನ್ನು ಮಲಗಿಸಿದರು. ಬಂದವರು ಹೂವಿಟ್ಟು, ಸ್ವಲ್ಪ ಹೊತ್ತು ನಿಂತು, ಪಕ್ಕಕ್ಕೆ ಸರಿಯುತ್ತಿದ್ದರು. ಅಕ್ಕ ಕೆಲಸ ಮಾಡಿದ್ದು ಹೊಸ ಬಡಾವಣೆಗಳ ನಕ್ಷೆ ನೋಡುವ ಕಚೇರಿಯಲ್ಲಿ. ರಸ್ತೆ ಎಷ್ಟು ಅಗಲ, ಮರಕ್ಕೆ ಎಷ್ಟು ಮಣ್ಣು, ಪಾರ್ಕು ಎಲ್ಲಿ, ಮಳೆನೀರು ಯಾವ ಕಡೆಗೆ ಎಂದು ಬರೆದಿಟ್ಟ ನಿಯಮಗಳಿಗೆ ನಕ್ಷೆ ಹೊಂದುತ್ತದೋ ಇಲ್ಲವೋ ನೋಡಿ, ಹೊಂದದಿದ್ದರೆ ವಾಪಸು ಕಳಿಸುವುದು. ಮನೆ ಕಟ್ಟಿಸುವವರು ಬೆನ್ನ ಹಿಂದೆ ಅವಳನ್ನು ಮರದಮ್ಮ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಸದ್ಯ, ಮರದ ಮೋಟು ಅನ್ನಲಿಲ್ಲವಲ್ಲ ಎಂದು ನಕ್ಕಿದ್ದಳಂತೆ.

"ಹಸಿರು ಬಣ್ಣ ಬಳಿದುಬಿಟ್ಟು ಇದೇ ಪಾರ್ಕು ಅಂತ ತರೋರು" ಎಂದು ಅವಳ ಕೈಕೆಳಗೆ ದುಡಿದ ಹುಡುಗಿ ಹೇಳುತ್ತಿದ್ದಳು. "ಮೇಡಂ ಪೆನ್ಸಿಲ್ ತುದಿ ಅದರ ಮೇಲಿಟ್ಟು, ಇಲ್ಲಿಗೆ ಒಬ್ಬ ಮುದುಕಿ ಕೋಲು ಊರ್ಕೊಂಡು ಹೇಗೆ ಬರ್ತಾಳೆ ಹೇಳಿ ಅಂತಿದ್ರು. ಎಂಥೆಂಥ ದೊಡ್ಡ ಮನುಷ್ಯರೂ ತಲೆ ಕೆರ್ಕೊಳ್ಳೋರು."

ಕೆಳಮನೆಯ ಹೆಂಗಸು ಕಣ್ಣೊರೆಸಿಕೊಂಡಳು. "ನಾನು ಈ ಮರ ಕಡಿಸಿ, ಕಾರಿಗೆ ಜಾಗ ಬೇಕು ಅಂತ ಎಲ್ಲರ ಹತ್ರ ಸೈ ಕೇಳ್ತಿದ್ದೆ. ಪುಣ್ಯಾತ್ಗಿತ್ತಿ ಸೈ ಹಾಕ್ಲಿಲ್ಲ, ನನ್ ಜೊತೆ ಮಾತೂ ಬಿಡ್ಲಿಲ್ಲ. ದಿನಾ ಬೆಳಿಗ್ಗೆ, ನಿಮ್ಮ ಕಾರು ಹೇಗಿದೆ ಅಂತ ಕೇಳೋಳು."

ಮಾತು ಬಿಡಲಿಲ್ಲ ಎಂಬುದು ತಮ್ಮನಿಗೆ ಎಲ್ಲೋ ಚುಚ್ಚಿತು. ಬಿಟ್ಟವನು ಅವನು.

*

ಚಿಕ್ಕವರಿದ್ದಾಗ ಬಾಡಿಗೆ ಕೋಣೆಯ ಸಿಮೆಂಟು ನೆಲವೇ ಅವರಿಬ್ಬರ ಹಲಗೆ. ಗುಂಡಗುಂಡಗಿದ್ದ ತಮ್ಮನನ್ನು ಅಕ್ಕ ಗುಂಡ ಎಂದು ಕರೆಯುತ್ತಿದ್ದಳು. ಅವನು ಸೀಮೆಸುಣ್ಣ ಹಿಡಿದು ಮನೆ ಬರೆದರೆ ಅದು ಈ ಗೋಡೆಯಿಂದ ಆ ಗೋಡೆಯವರೆಗೂ ಹೋಗುತ್ತಿತ್ತು. ಅಕ್ಕ ಅಂಗೈಯಿಂದ ಅದರ ಒಂದಂಚನ್ನು ಅಳಿಸುತ್ತಿದ್ದಳು.

"ಇಷ್ಟು ಬಿಡು ಗುಂಡ."

"ಯಾಕೆ?"

"ಮನೆಗೆ ಬಂದೋರು ಬಾಗಿಲು ತೆಗೆಯೋ ತನಕ ಎಲ್ಲಿ ನಿಲ್ಬೇಕು?"

"ನಮ್ಮನೆಗೆ ಯಾರೂ ಬರಲ್ಲ."

"ಬರ್ತಾರೆ, ಬಿಡು."

ದೊಡ್ಡವರಾದ ಮೇಲೂ ಆಟ ಅದೇ ಆಯಿತು. ಅವನು ಕಟ್ಟುವವನಾದ, ಅವಳು ಅಳಿಸುವವಳಾದಳು ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಬೇರೆಯವರ ಕೈಕೆಳಗಿದ್ದು ಸಾಕಾಗಿ ಅವನು ಸ್ವಂತಕ್ಕೆ ಒಂದು ಬಡಾವಣೆ ಮಾಡಲು ಹೊರಟಾಗ ಆ ತಮಾಷೆ ಕೊನೆಯಾಯಿತು. ಒಂದು ಸಂಜೆ ಅವನು ನಕ್ಷೆಯನ್ನು ತಂದು ಅಕ್ಕನ ಊಟದ ಮೇಜಿನ ಮೇಲೆ ಹರಡಿದ್ದ.

"ಮರ ಎಲ್ಲಿ?" ಎಂದಳು.

"ಇವೇ ಅಲ್ವಾ, ಸಾಲಾಗಿ."

"ಇವು ಚುಕ್ಕೆ. ಗೋಡೆಗೂ ಚರಂಡಿಗೂ ನಡುವೆ ಗೇಣು ಮಣ್ಣು ಬಿಟ್ಟಿದ್ದೀಯ. ಬೇರು ಎಲ್ಲಿಗೆ ಹೋಗ್ಬೇಕು, ನಿಮ್ಮನೆಗಾ?"

"ಬೇರಿಲ್ಲದ್ದು ಏನಾದ್ರೂ ಹಾಕಿದ್ರಾಯ್ತು."

"ಪಾರ್ಕು ತಗೊಂಡೋಗಿ ತಗ್ಗಲ್ಲಿ ಇಟ್ಟಿದ್ದೀಯ. ಮಳೆ ಬಂದ್ರೆ ಮಕ್ಕಳು ಈಜು ಕಲೀತಾರೆ."

"ಅಲ್ಲಿ ಮನೆ ಕಟ್ಟೋಕಾಗಲ್ಲ ಅಕ್ಕ, ಅದಕ್ಕೇ ಅಲ್ಲಿ ಪಾರ್ಕು."

"ನೋಡು, ನಿನ್ನ ಬಾಯಿಂದಲೇ ಬಂತು."

ಅವನು ನಕ್ಷೆ ಸುತ್ತಿದ. "ಇದೊಂದ್ ಸಲ ಕಣ್ಮುಚ್ಕೋ" ಎಂದ.

ಅಕ್ಕ ಉತ್ತರ ಕೊಡಲಿಲ್ಲ. ಎದ್ದುಹೋಗಿ ನೀರು ತಂದುಕೊಟ್ಟಳು. ಆ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡ. ಆದರೆ ಕೆಲವು ವಾರಗಳ ಮೇಲೆ ನಕ್ಷೆ ವಾಪಸು ಬಂದಾಗ ಅದರ ಮೈತುಂಬ ಕೆಂಪು ಗುರುತು. ಪಾರ್ಕು ನಡುಮಧ್ಯಕ್ಕೆ ಬರಬೇಕು, ರಸ್ತೆಯುದ್ದಕ್ಕೂ ಮಣ್ಣು ಬಿಡಬೇಕು, ಅಂದರೆ ಮನೆಗಳ ಒಂದು ಸಾಲೇ ಹೋಗಬೇಕು. ಅವನು ಅದೇ ಕಾಲಲ್ಲಿ ಅಕ್ಕನ ಮನೆಗೆ ಬಂದು ಹೊಸಿಲಾಚೆಯೇ ನಿಂತು ಹೇಳಿದ್ದ: "ಬೇರೆಯವರಾಗಿದ್ರೆ ಇಷ್ಟು ಮಾಡ್ತಿರ್ಲಿಲ್ಲ. ಇನ್ಮೇಲೆ ನಂಗೆ ಅಕ್ಕ ಇಲ್ಲ."

"ಊಟ ಮಾಡ್ಕೊಂಡು ಹೋಗು" ಎಂದಷ್ಟೇ ಅಂದಿದ್ದಳು ಅವಳು.

ಕೆಂಪು ಹಾಕಿದಂತೆಯೇ ಕಟ್ಟಬೇಕಾಯಿತು. ಪಾರ್ಕಿನ ಸುತ್ತಲ ಮನೆಗಳೇ ಮೊದಲು ಬಿಕರಿಯಾದವು. ಆ ವಿಷಯವನ್ನು ಅವನು ಯಾರ ಮುಂದೆಯೂ ಎತ್ತಲಿಲ್ಲ.

*

ಚಿತಾಗಾರ ಊರಿನ ಅಂಚಿನಲ್ಲಿತ್ತು. ಅಕ್ಕನನ್ನು ಒಳಗೆ ಸಾಗಿಸಿದ ಮೇಲೆ ತಿಳಿಯಿತು, ಮುಂಚೆ ಬಂದವರದು ಇನ್ನೂ ಮುಗಿದಿಲ್ಲ, ಕಾಯಬೇಕು. ಒಳಗಿನ ಕೋಣೆ ಚಿಕ್ಕದು. ಅಕ್ಕನ ಮಗಳು, ಅವಳ ಗಂಡ ಅಲ್ಲೇ ಉಳಿದರು. ಮಿಕ್ಕವರೆಲ್ಲ ಹೊರಗೆ ಬಂದು ನಿಂತರು.

ಹೊರಗೆ ಬಿಸಿಲು ನೆತ್ತಿಯ ಮೇಲಿನಿಂದ ಈಗಷ್ಟೇ ವಾಲಿತ್ತು. ಗೇಟಿನಿಂದ ಬಾಗಿಲವರೆಗೂ ಬಿಳಿ ಕಲ್ಲು ಹಾಸಿದ ಅಂಗಳ. ಅದರಲ್ಲಿ ಹಸಿರು ಎಂಬುದು ಬಾಗಿಲ ಎರಡೂ ಬದಿಯ ಕುಂಡಗಳಲ್ಲಿ ಮಾತ್ರ. ಕಾವು ಚಪ್ಪಲಿ ದಾಟಿ ಅಂಗಾಲಿಗೆ ಬರುತ್ತಿತ್ತು. ವಯಸ್ಸಾದವರು ಸೆರಗನ್ನೂ ಕರವಸ್ತ್ರವನ್ನೂ ತಲೆಯ ಮೇಲೆ ಹಾಕಿಕೊಂಡು ಅತ್ತಿತ್ತ ನೋಡಿದರು.

ತಮ್ಮನ ಹೆಂಡತಿ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದಳು. "ಇದು ನಿಮ್ಮ ಕೆಲಸವೇ ಅಲ್ವಾ?"

"ಹೂಂ."

ಇದರ ನಕ್ಷೆಯಲ್ಲಿ ಮರಗಳಿದ್ದವು. ಅಂಗಳದ ಎರಡೂ ಮಗ್ಗುಲಿಗೆ ಗುಳಿ ಬಿಟ್ಟು, ಸುತ್ತ ಕಟ್ಟೆ ಕಟ್ಟಬೇಕು ಎಂದಿತ್ತು. ಎಲೆ ಗುಡಿಸುವವರು ಯಾರು, ನೀರು ಹಾಕುವವರು ಯಾರು, ಇಲ್ಲಿ ಯಾರೂ ಬಂದು ಕೂರುವುದಿಲ್ಲ, ಬರುತ್ತಾರೆ ಹೋಗುತ್ತಾರೆ ಎಂದು ವಾದ ಮಾಡಿ, ಒಪ್ಪಿಸಿ, ಕಲ್ಲು ಹಾಸಿಸಿದ್ದು ಅವನೇ. ಆ ಹೊತ್ತಿಗೆ ಅಕ್ಕನಿಗೆ ನಿವೃತ್ತಿಯಾಗಿತ್ತು.

*

ಕಳೆದ ತಿಂಗಳು ಅಕ್ಕ ಆಸ್ಪತ್ರೆ ಸೇರಿದ್ದಾಳೆಂದು ಗೊತ್ತಾದಾಗ ಹೆಂಡತಿಯ ಒತ್ತಾಯಕ್ಕೆ ಎಂಬಂತೆ ಅವನು ನೋಡಲು ಹೋಗಿದ್ದ. ಕಿಟಕಿ ಪಕ್ಕದ ಮಂಚದಲ್ಲಿ ಅವಳು ಇಷ್ಟೇ ಇಷ್ಟಾಗಿದ್ದಳು. ಇಬ್ಬರೂ ಸೆಖೆಯ ಬಗ್ಗೆ, ಆಸ್ಪತ್ರೆಯ ಸಪ್ಪೆ ಅನ್ನದ ಬಗ್ಗೆ ಮಾತಾಡಿದರು. ಹಳೆಯದನ್ನು ಯಾರೂ ಕೆದಕಲಿಲ್ಲ.

"ಈಚೆಗೆ ಏನು ಕಟ್ಟಿದೆ?"

"ಚಿಕ್ಕಪುಟ್ಟದ್ದು. ಆ ಚಿತಾಗಾರದ್ದೊಂದು."

"ಕೇಳಿದೆ. ಮರ ಹಾಕಿದ್ಯಾ?"

"ಹಾಕ್ತೀವಿ. ಮಳೆ ಬರಲಿ ಅಂತ."

ಅಕ್ಕ ಅವನನ್ನೇ ನೋಡಿದಳು. ಒಣಗಿದ ತುಟಿಯಲ್ಲಿ ನಗು ಕಾಣಿಸಿಕೊಂಡಿತು. "ಬೇಗ ಹಾಕೋ ಗುಂಡ" ಎಂದು ಕಣ್ಣು ಮುಚ್ಚಿದಳು. ಆಯಾಸಕ್ಕೆ ಮುಚ್ಚಿರಬೇಕು ಎಂದುಕೊಂಡು ಅವನು ಎದ್ದುಬಂದಿದ್ದ.

*

ಅಂಗಳದಲ್ಲಿ ನೆರಳೆಂದು ಇದ್ದದ್ದು ಅಕ್ಕನನ್ನು ತಂದ ವ್ಯಾನಿನದೊಂದೇ. ಮೊದಲು ಕೆಳಮನೆಯ ಹೆಂಗಸು ಅದರ ಮಗ್ಗುಲಿಗೆ ಹೋಗಿ ನಿಂತಳು. ಅವಳ ಹಿಂದೆ ಇನ್ನಿಬ್ಬರು. ನೋಡನೋಡುತ್ತಿದ್ದಂತೆ ಎಲ್ಲರೂ ವ್ಯಾನಿಗೆ ಬೆನ್ನು ಹಚ್ಚಿ, ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತುಬಿಟ್ಟರು. ತುದಿಯಲ್ಲಿ ಊರುಗೋಲಿನ ಮುದುಕನೊಬ್ಬ ಅರ್ಧ ಬಿಸಿಲಲ್ಲೇ ಇದ್ದ. ತಮ್ಮ ಜರುಗಿ ಅವನಿಗೆ ಜಾಗ ಮಾಡಿಕೊಟ್ಟ.

"ನೀವು ತಮ್ಮ ಅಲ್ವಾ?" ಎಂದ ಮುದುಕ. ಚೂಪು ಮೂಗಿನ ಅವನನ್ನು ಕಚೇರಿಯಲ್ಲಿ ಎಲ್ಲರೂ ಗಿಣಿ ಸಾರ್ ಎನ್ನುತ್ತಿದ್ದರು. ಅಕ್ಕನ ಪಕ್ಕದ ಮೇಜಿನವನು. "ನಿಮ್ಮ ನಕ್ಷೆ ಚೆನ್ನಾಗಿ ನೆನಪಿದೆ. ಪಾರ್ಕು ತಗ್ಗಲ್ಲಿತ್ತು."

"ನನಗೂ ನೆನಪಿದೆ, ಸಾರ್. ಅಕ್ಕ ಅದನ್ನ ಕುಂಕುಮ ಚೆಲ್ಲಿದ ಹಾಗೆ ಕೆಂಪು ಮಾಡಿದ್ಲು."

"ಅವರಲ್ಲ. ನಾನು."

ತಮ್ಮ ತಿರುಗಿ ನೋಡಿದ.

"ಫೈಲು ಬಂದ ದಿನವೇ, ಇದು ನನ್ನ ತಮ್ಮಂದು, ನಾನು ಮುಟ್ಟಲ್ಲ ಅಂತ ನನ್ನ ಮೇಜಿನ ಮೇಲೆ ಇಟ್ರು. ನಾವು ಅದರ ಬಗ್ಗೆ ಮಾತಾಡುವಾಗೆಲ್ಲ ಎದ್ದು ಆಚೆ ಹೋಗೋರು. ಕೆಂಪು ಹಾಕಿದ್ದು ನಾನು, ವಾಪಸು ಕಳಿಸಿದ್ದು ನಾನು."

"ನನಗೆ ಹೇಳ್ಲೇ ಇಲ್ಲ."

"ಹೇಳಿ ಅಂತ ನಾನೇ ಎಷ್ಟು ಸಲ ಅಂದೆ. ಬೇಡ, ನಿಮ್ಮ ಮೇಲೆ ಹಾರಾಡ್ತಾನೆ ಅಂದ್ರು. ನೀವು ಅವನಿಗೆ ಯಾರೋ, ನಿಮ್ಮ ಮೇಲಿನ ಸಿಟ್ಟು ಹಾಗೇ ಉಳ್ಕೊಳತ್ತೆ. ನನ್ನ ಮೇಲಿದ್ರೆ ಒಂದಿನ ಇಳಿಯತ್ತೆ ಅಂದ್ರು." ಮುದುಕ ಕೋಲನ್ನು ಕೈ ಬದಲಿಸಿಕೊಂಡ. "ಆಮೇಲೆ ಇನ್ನೊಂದು ಮಾತಂದ್ರು. ನಾನೇ ನೋಡಿದ್ರೆ ಇನ್ನೂ ಎರಡು ಕಡೆ ಕೆಂಪು ಹಾಕ್ತಿದ್ದೆ, ನೀವು ಬಿಟ್ಟುಬಿಟ್ರಿ ಅಂತ."

ತಮ್ಮನಿಗೆ ನಗು ಬಂತು. ಮುಖ ತಿರುಗಿಸಿ ವ್ಯಾನಿನ ತಗಡಿಗೆ ಹಣೆ ಒತ್ತಿದ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಇಳಿದಿತ್ತು, ಸಾರ್" ಎಂದ ಕೊನೆಗೆ. "ಯಾವಾಗ್ಲೋ ಇಳಿದುಹೋಗಿತ್ತು. ಬಂದು ಹೇಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ."

"ಅವರಿಗೆ ಗೊತ್ತಿರತ್ತೆ ಬಿಡಿ."

"ಗೊತ್ತಿದ್ರೂ ನಾನು ಹೇಳ್ಬೇಕಿತ್ತಲ್ಲ."

ಅಷ್ಟರಲ್ಲಿ ಡ್ರೈವರ್ ಮುಂದಿನಿಂದ ಬಂದು, ಮೊಬೈಲನ್ನು ಜೇಬಿಗಿಳಿಸುತ್ತ, ಸಾಲಾಗಿ ನಿಂತವರನ್ನು ಒಂದು ಕ್ಷಣ ನೋಡಿದ. ಮಾತು ಶುರುಮಾಡಲು ಅವನಿಗೆ ಕಷ್ಟವಾಗಿತ್ತು.

"ಸಾರ್, ಇನ್ನೊಂದು ಮನೆಯವರು ಕಾಯ್ತಿದ್ದಾರೆ. ಗಾಡಿ ತೆಗೀಬೇಕಿತ್ತು."

"ಒಂದೈದು ನಿಮಿಷ ಆಗಲ್ವಾಪ್ಪ?" ಎಂದಳು ಕೆಳಮನೆಯ ಹೆಂಗಸು.

"ಅವರೂ ಬಿಸಿಲಲ್ಲೇ ನಿಂತಿದ್ದಾರಂತೆ, ಅಮ್ಮ."

"ತಗೊಳಪ್ಪ, ಹೊರಡು" ಎಂದ ತಮ್ಮ. ಮುದುಕನ ತೋಳು ಹಿಡಿದುಕೊಂಡ.

ಡ್ರೈವರ್ ಹತ್ತಿ ಕೂತ. ಯಾರಿಗೂ ತಾಗಬಾರದೆಂದು ಅವನು ಗಾಡಿಯನ್ನು ಬಲು ನಿಧಾನವಾಗಿ, ಉರುಳಿಯೂ ಉರುಳದಂತೆ ಬಿಟ್ಟ. ವ್ಯಾನು ಗೇಟಿನ ಕಡೆಗೆ ಸರಿಯತೊಡಗಿತು. ಅದರ ಮಗ್ಗುಲಿಗೆ ನಿಂತಿದ್ದ ಅಷ್ಟೂ ಜನ, ಯಾರೂ ಯಾರಿಗೂ ಹೇಳದೆ, ಬಿಳಿ ಕಲ್ಲಿನ ಮೇಲೆ ಜರುಗುತ್ತಿದ್ದ ಆ ನೆರಳಿನ ಜೊತೆಗೇ ಹೆಜ್ಜೆ ಹಾಕಿದರು.