ತೋಳನ ಪಾಲು

ತೋಳ ಒಯ್ದದ್ದು ಹಿಂಡಿನ ಯಾವುದೋ ಒಂದು ಕುರಿಯನ್ನಲ್ಲ, ಮುತ್ತುರಾಜನ ಟಗರುಮರಿಯನ್ನು. ತಾಯಿ ಸತ್ತ ಮರಿ ಅದು. ಬಾಟಲಿಯಲ್ಲಿ ಆಡಿನ ಹಾಲು ಕುಡಿಸಿ, ಚಳಿಗೆ ತನ್ನ ಕಂಬಳಿಯೊಳಗೆ ಎಳೆದುಕೊಂಡು ಬೆಳೆಸಿದ್ದ. ಬೆಳಗಾಗಿ ನೋಡಿದರೆ ಕುರಿಗಳ ಸುತ್ತ ಕಟ್ಟಿದ ಬಲೆಯ ಒಂದು ಮೂಲೆ ನೆಲಕ್ಕೆ ಮಲಗಿತ್ತು. ಹುಡುಕುತ್ತ ಹೋದಾಗ ಮರಿ ಹಳ್ಳದ ದಂಡೆಯ ಜಾಲಿಕಂಟಿಯ ಕೆಳಗೆ ಹೊಟ್ಟೆ ಬಗೆಸಿಕೊಂಡು ಬಿದ್ದಿತ್ತು. ಅರ್ಧ ತಿಂದ ತೋಳ ಮನುಷ್ಯರ ಸಪ್ಪಳಕ್ಕೆ ಬಿಟ್ಟು ಓಡಿತ್ತು.

ಹಿಂದೆಯೇ ಬಂದ ಅವನ ತಾಯಿ ಸತ್ಯವ್ವ ಸೆರಗಿನ ಗಂಟು ಬಿಚ್ಚಿ, ಕುಲದೇವರು ಬೀರಪ್ಪನ ಭಂಡಾರವನ್ನು ಚಿಟಿಕೆಯಷ್ಟು ಹೆಣದ ಮೇಲೆ ಉದುರಿಸಿದಳು. ಅವರ ಮನೆತನದ ಪದ್ಧತಿ. ತೋಳ ಮುಟ್ಟಿದ್ದು ತೋಳನ ಪಾಲು. ಆ ಅರಿಷಿಣ ಬಿತ್ತೆಂದರೆ ಹಟ್ಟಿಯವರು ಯಾರೂ ಅದನ್ನು ಮುಟ್ಟುವಂತಿಲ್ಲ, ತಿರುಗಿಯೂ ನೋಡುವಂತಿಲ್ಲ. ಪಾಲು ಸಿಕ್ಕ ತೋಳ ಮತ್ತೆ ಅದೇ ಹಿಂಡಿಗೆ ಬಾಯಿ ಹಾಕುವುದಿಲ್ಲ ಎಂಬುದು ನಂಬಿಕೆ.

"ಪಾಲು ಕೇಳಾಕ ಅದೇನ ನನ್ನ ಬೆನ್ನಿಗೆ ಬಿದ್ದ ತಮ್ಮೇನ?" ಎಂದ ಮುತ್ತುರಾಜ.

"ತಮ್ಮ ಅಲ್ಲಲೇ, ಅಣ್ಣ. ಬೀರಪ್ಪಗ ನಮಗಿಂತ ಮೊದಲಿನ ಮಗ ಅದು. ನಡಿ, ಹಿಂದಕ್ಕ ನೋಡಬ್ಯಾಡ."

ಅವನು ಹಿಂದಕ್ಕೆ ನೋಡಿದ. ನೋಡಿಯೇ ನಡೆದ.

ಬನಶಂಕರಿ ಕಡೆಯ ಈ ಮನೆತನ ಸುಗ್ಗಿ ಮುಗಿದೊಡನೆ ಹಿಂಡು ಹೊಡೆದುಕೊಂಡು ಹೊರಡುತ್ತದೆ. ಈ ವರ್ಷ ಗುಡೂರಿನ ಹೊರಗೆ ಬರಿದಾದ ಹೊಲವೊಂದರಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದರು. ಅಣ್ಣ ನಿಂಗರಾಜ ಟಗರು ಮಾರಲು ಅಮೀನಗಡದ ಸಂತೆಗೆ ಹೋಗಿದ್ದ. ಅಣ್ಣನ ಹೆಂಡತಿ ಲಲಿತಾ ಬೇವಿನ ನೆರಳಲ್ಲಿ ಮಗಳು ವಿದ್ಯಾಳನ್ನು ಎದುರಿಗೆ ಕೂರಿಸಿಕೊಂಡು ಆಗಲೇ ಪಾಠ ಶುರುಮಾಡಿದ್ದಳು. ಲಲಿತಾ ಬಾದಾಮಿಯಲ್ಲಿ ಪಿಯುಸಿ ಓದಿದವಳು. ಊರ ಸಾಲೆಯಲ್ಲಿ ಮಗಳನ್ನು ಕುರಿ ವಾಸನೆಯೆಂದು ದೂರ ಕೂರಿಸಿದ ದಿನವೇ ಕೈ ಹಿಡಿದು ಹೊರಗೆ ಕರೆತಂದಿದ್ದಳು. ಇನ್ನು ಮೇಲೆ ಹಿಂಡು ಇದ್ದಲ್ಲೇ ಸಾಲೆ ಎಂದು ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದಳು. ಮುತ್ತುರಾಜನನ್ನೂ ಒಂದು ಕಾಲಕ್ಕೆ ಹಾಗೆಯೇ ಕೂರಿಸಿದ್ದರು. ಅವನ ಕೈ ಹಿಡಿದು ಹೊರಗೆ ಕರೆತರಲು ಯಾರೂ ಬಂದಿರಲಿಲ್ಲ. ಅವನೇ ಪಾಟಿ ಒಡೆದು ಎದ್ದು ಬಂದಿದ್ದ. ಆ ಸಿಟ್ಟು ಇವತ್ತಿಗೂ ಮೂಗಿನ ತುದಿಯಲ್ಲೇ ಇತ್ತು. ಆರಿಸುವವರು ಯಾರೂ ಇರಲಿಲ್ಲ, ಊದುವವರು ಬೇಕಾದಷ್ಟು ಮಂದಿ.

ಈಗ ನಡೆದಿದ್ದ ಪಾಠ ಕಾಡುಪ್ರಾಣಿ ಮತ್ತು ಕುಟುಂಬ. ವಿದ್ಯಾ ದಿನಾಲೂ ಒಂದು ಪ್ರಾಣಿಯ ಸಂಸಾರವನ್ನು ದೂರದಿಂದ ನೋಡಿ ಬಂದು ಹೇಳಬೇಕು, ತನ್ನ ಮನೆಯವರನ್ನೆಲ್ಲ ಮಣ್ಣಿನಲ್ಲಿ ಮಾಡಿ ಒಣಗಿಸಬೇಕು. ನಮ್ಮ ವೈನಿ ಸಾಲಿಯಾಗ ತೋಳಗೂ ಹಾಜರಿ ಹಾಕ್ತಾಳ ಎಂದು ಮುತ್ತುರಾಜ ನಿನ್ನೆಯಷ್ಟೇ ನಕ್ಕಿದ್ದ. ಇವತ್ತು ಲಲಿತಾ, ಹುಲ್ಲಿನ ಬಯಲು ಒಡೆದು ಹೊಲ ಮಾಡಿದರು, ಗುಡ್ಡ ಒಡೆದು ಕ್ವಾರಿ ಮಾಡಿದರು, ಚಿಗರಿ ಜಿಂಕೆಗಳು ಓಡಿಹೋದ ಮೇಲೆ ತೋಳ ಏನು ತಿನ್ನಬೇಕು ಎಂದು ಮಗಳನ್ನು ಕೇಳುತ್ತಿದ್ದುದು ಅವನ ಕಿವಿಗೆ ಬಿತ್ತು. ಕಾದ ಎಣ್ಣೆಗೆ ನೀರು ಬಿದ್ದಂತಾಯಿತು.

ಪಕ್ಕದ ತೊಗರಿ ಹೊಲದ ಹುಲ್ಲಪ್ಪ ಒಡ್ಡಿನ ಮೇಲೆ ಬೀಡಿ ಸೇದುತ್ತ ಕೂತಿದ್ದ. ಅವನ ಆಡನ್ನೂ ತೋಳ ಒಯ್ದಿತ್ತು. ಸುದ್ದಿ ಕೇಳಿ ಗುಡಿಸಲಿಗೆ ಹೋಗಿ, ತೊಗರಿಗೆ ಹೊಡೆಯುವ ಕೀಟನಾಶಕ ಎಣ್ಣೆಯ ಬಾಟಲಿ ತಂದ. ತಳದಲ್ಲಿ ಸ್ವಲ್ಪ ಉಳಿದಿತ್ತು.

"ಲೇ ಮುತ್ತು, ನಿಮ್ಮವ್ವ ಅರಿಷಿಣ ಹಾಕ್ಯಾಳ. ನೀ ಒಗ್ಗರಣಿ ಹಾಕು" ಎಂದ.

ಮುತ್ತುರಾಜ ಜಾಲಿಕಂಟಿಗೆ ತಿರುಗಿ ಹೋಗಿ ಹಾಕಿದ. ಯಾರಿಗಾದರೂ ಅಪಾಯವಾದೀತೇ ಎಂದು ಒಂದು ಗಳಿಗೆ ಯೋಚಿಸಿದ್ದ, ಸುಳ್ಳಲ್ಲ. ಆದರೆ ನಾಯಿಗಳು ಹಿಂಡಿನ ಜೊತೆ ಇದ್ದವು. ಭಂಡಾರ ಬಿದ್ದದ್ದನ್ನು ಹಟ್ಟಿಯ ಕೂಸೂ ಮುಟ್ಟುವುದಿಲ್ಲ. ತಾನು ನಂಬದ ಪದ್ಧತಿಯನ್ನು ಉಳಿದವರು ನಂಬುತ್ತಾರೆಂದು ನೆಚ್ಚಿಕೊಂಡು ಬಾಟಲಿಯನ್ನು ಹಳ್ಳಕ್ಕೆ ಒಗೆದ. ಕುರಿಗಳನ್ನು ಕೆರೆಯ ಕಡೆ ಹೊಡೆದ.

ಹೊತ್ತು ನೆತ್ತಿಗೇರಿದಾಗ ತಿರುಗಿ ಬಂದು ಕುರಿಗಳನ್ನು ಬಲೆಯೊಳಗೆ ಬಿಟ್ಟ. ಬೇವಿನ ಕೆಳಗೆ ವಿದ್ಯಾ ಆಗಷ್ಟೇ ಬಂದು ಕೂತು, ತೊಡೆಯ ಮೇಲೆ ರೊಟ್ಟಿ ಇಟ್ಟುಕೊಂಡು ತಾಯಿಗೆ ಪಾಠ ಒಪ್ಪಿಸುತ್ತಿದ್ದಳು.

"ಅದು ಕುಂಟ ತೋಳ, ಅವ್ವ. ಆಚಿ ದಂಡಿ ಗವಿಯಾಗ ಅದರ ಮರಿ ಅದಾವ. ಹುಲ್ಲಪ್ಪ ಕಾಕಾನ ಆಳುಗೋಳು ಒಡ್ಡಿನ ಮ್ಯಾಲ ಉಣ್ಣಾಕ ಕುಂತಿದ್ರು, ಅದು ದಾಟಿ ಬರಾಕ ಅಂಜಾಕತ್ತಿತ್ತು. ಅದಕ್ಕ ನಾನ ಅದರ ಪಾಲು ಎಳಕೊಂಡು ಹೋಗಿ ಗವಿ ಬಾಯಾಗ ಇಟ್ಟು ಬಂದೇನಿ."

ಲಲಿತಾಳ ಮುಖ ಬಿಳಿಚಿತು. ದೂರದಿಂದ ನೋಡು ಅಂದಿದ್ದೆ, ಗವಿಯ ಹತ್ತಿರ ಯಾಕೆ ಹೋದೆ ಎಂದು ಗದರಿದಳು. ಭಂಡಾರ ಹಾಕಿದ್ದನ್ನು ಮುಟ್ಟಿದೆಯಾ, ಆಯಿ ಸತ್ಯವ್ವನಿಗೆ ಗೊತ್ತಾದರೆ ಏನು ಗತಿ ಎಂದಳು.

"ಆಯಿನ ಹೇಳ್ಯಾಳಲ್ಲ, ಅದು ನಮ್ಮ ಮಂದಿ ಅಂತ. ಮನಿ ಮಂದಿಗೆ ಉಣ್ಣಾಕ ನೀಡಿದರ ತಪ್ಪೇನ?" ಎನ್ನುತ್ತ ವಿದ್ಯಾ ರೊಟ್ಟಿ ಮುರಿದಳು.

ಮುತ್ತುರಾಜ ಹಾರಿ ಬಂದು ಅವಳ ಕೈಗೆ ಹೊಡೆದ. ರೊಟ್ಟಿ ಮಣ್ಣಿಗೆ ಬಿತ್ತು. ಒಣಗಲು ಇಟ್ಟ ಮಣ್ಣಿನ ಬೊಂಬೆಗಳಲ್ಲಿ ಒಂದೆರಡು ಅವನ ಕಾಲಡಿ ಪುಡಿಯಾದವು. ಲಲಿತಾ ಎದ್ದು ನಿಂತಳು. ರೊಟ್ಟಿಯ ಮೇಲೆ ಚೇಳಿತ್ತು ಎಂಬ ಸುಳ್ಳು ಅವನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಹುಡುಗಿ ಅಳುತ್ತ ಅದೇ ಕೈಯಿಂದ ಕಣ್ಣು ಒರೆಸಿಕೊಳ್ಳಲು ಹೋದಳು. ಅವನು ಎರಡೂ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡ.

"ಎಣ್ಣಿ ಹಾಕೇನಿ, ವೈನಿ. ಅದರ ಮ್ಯಾಲ ಎಣ್ಣಿ ಹಾಕೇನಿ."

ಲಲಿತಾ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮಗಳನ್ನು ನೀರಿನ ಕೊಡದ ಬಳಿಗೆ ಎಳೆದೊಯ್ದು, ಅಂಗಿ ಕಿತ್ತೊಗೆದು, ಸಾಬೂನು ಹಚ್ಚಿ ತಿಕ್ಕಿದಳು. ಬಾಯಿಗೆ ಏನಾದರೂ ಹಾಕಿಕೊಂಡೆಯಾ ಎಂದು ಕೇಳಿದಳು. ಬರುವಾಗ ಬಾರಿಹಣ್ಣು ತಿಂದೆ ಎಂದಳು ವಿದ್ಯಾ. ಹೇಳುತ್ತಿದ್ದಂತೆ ಅವಳ ಬಾಯಿಂದ ಜೊಲ್ಲು ಇಳಿಯತೊಡಗಿತು. ಡೇರೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ ಸತ್ಯವ್ವ ಗುದ್ದಲಿ ಎತ್ತಿಕೊಂಡು ಹಳ್ಳದ ಕಡೆ ನಡೆದಳು.

ಇಳಕಲ್ಲಿನ ದವಾಖಾನೆಯ ದಾರಿ ಅಷ್ಟು ಉದ್ದವೆಂದು ಮುತ್ತುರಾಜನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಬೈಕಿನಲ್ಲಿ ಅವನಿಗೂ ಲಲಿತಾಳಿಗೂ ನಡುವೆ ಕೂತ ಹುಡುಗಿ ಅವನ ಬೆನ್ನ ಮೇಲೆ ವಾಂತಿ ಮಾಡಿಕೊಂಡಳು. ಕಲ್ಲು ತುಂಬಿದ ಲಾರಿ ದಾರಿ ಬಿಡಲಿಲ್ಲ. ಎದುರಿಗೆ ಟ್ರ್ಯಾಕ್ಟರ್ ಬರುತ್ತಿದ್ದರೂ ನುಗ್ಗಿಸಿ ದಾಟಿದ.

"ಕಾಕಾ, ಮರಿ ತಿಂದಿರ್ತಾವೇನ?" ಎಂದು ಬೆನ್ನ ಹಿಂದಿನಿಂದ ಸಣ್ಣ ದನಿ ಕೇಳಿತು. ಅವನು ಗಾಡಿಯ ಕಿವಿ ತಿರುವಿದ.

ದವಾಖಾನೆಯಲ್ಲಿ ಡಾಕ್ಟರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡುತ್ತಲೇ ಯಾವ ಎಣ್ಣೆ ಎಂದು ಕೇಳಿದರು. ಹೆಸರು ಗೊತ್ತಾದರೆ ಔಷಧ ಕೊಡುವುದು ಸಲೀಸು, ಈಗಲೇ ಏನೂ ಹೇಳಲಾಗದು ಎಂದರು. ಮುತ್ತುರಾಜ ಹುಲ್ಲಪ್ಪನಿಗೆ ಫೋನು ಹಚ್ಚಿದ.

"ಯಾವ ಬಾಟ್ಲಿ? ನಾ ಏನೂ ಕೊಟ್ಟಿಲ್ಲಪಾ. ನನ್ನ ಹೆಸರು ತಗೀಬ್ಯಾಡ" ಎಂದು ಹುಲ್ಲಪ್ಪ ಫೋನು ಇಟ್ಟುಬಿಟ್ಟ.

ಬೇರೆ ದಿನವಾಗಿದ್ದರೆ ಮುತ್ತುರಾಜ ನೆಟ್ಟಗೆ ಅವನ ಮನೆಗೆ ಹೋಗಿ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದ. ಇವತ್ತು ಬೈಕನ್ನು ಹಳ್ಳಕ್ಕೆ ತಿರುಗಿಸಿದ. ಮುಳ್ಳಿನಲ್ಲಿ ಮೊಣಕಾಲೂರಿ ತಡಕಾಡಿ ಬಾಟಲಿ ಹುಡುಕಿ ತೆಗೆದ. ತಲೆ ಎತ್ತಿದರೆ ಆಚೆ ದಂಡೆಯಲ್ಲಿ ಅವ್ವ. ಅಂಗೈಗೆ ಕಂಬಳಿಯ ತುಂಡು ಸುತ್ತಿಕೊಂಡು, ತಾನೇ ಭಂಡಾರ ಹಾಕಿದ ಹೆಣವನ್ನು ಗವಿಯ ಬಾಯಿಂದ ಎಳೆದು ತಂದು, ತೋಡಿದ ಕುಣಿಗೆ ನೂಕುತ್ತಿದ್ದಳು. ಕುಣಿಯ ಅಂಚಿನಲ್ಲಿ ಬೆಕ್ಕಿನಷ್ಟು ದೊಡ್ಡದೊಂದು ಬೂದುಬಣ್ಣದ ಮರಿ ಕಾಲು ಸೆಟೆದು ಮಲಗಿತ್ತು.

"ಇದೊಂದು ತಿಂದಿತ್ತು. ಉಳಿದವು ಒಳಗ ಕುಂಯ್‌ಗುಡಾಕತ್ತಾವ" ಎಂದಳು ಸತ್ಯವ್ವ. ಅವನ ಮುಖ ನೋಡಲಿಲ್ಲ. "ನಾ ದೇವರ ಹೆಸರೀಲೆ ಕೊಟ್ಟ ಅನ್ನದಾಗ ನೀ ವಿಷ ಕಲಿಸಿದಿ. ಹೋಗು, ಮೊದಲ ಕೂಸಿನ್ನ ನೋಡು."

ಬಾಟಲಿಯ ಮೇಲಿನ ಹೆಸರು ನೋಡಿ ಡಾಕ್ಟರು ಔಷಧ ಹೆಚ್ಚಿಸಿದರು. ಸಂಜೆಗೆ ಸುದ್ದಿ ತಿಳಿದು ಓಡಿ ಬಂದ ನಿಂಗರಾಜ ತಮ್ಮನನ್ನು ನೋಡಿಯೂ ನೋಡದವನಂತೆ ಮಗಳ ತಲೆಯ ಬಳಿ ಕೂತ. ಮರುದಿನ ಬಿಸಿಲೇರುವಾಗ ವಿದ್ಯಾ ಕಣ್ಣು ಬಿಟ್ಟಳು. ನೀರು ಕೇಳಿದಳು. ಗಂಡಾಂತರ ದಾಟಿತು ಎಂದು ಡಾಕ್ಟರು ಹೇಳಿದಾಗ ಲಲಿತಾ ಮೊದಲ ಸಲ ಅತ್ತಳು.

ನೀರು ಕುಡಿದ ವಿದ್ಯಾ ಕಾಕಾನನ್ನು ಹುಡುಕಿ ನೋಡಿ, ಮರಿಗಳ ಸುದ್ದಿ ಕೇಳಿದಳು. ಲಲಿತಾ ಸೆರಗಿನಿಂದ ಕಣ್ಣೊರೆಸಿಕೊಂಡು ಮೈದುನನ ಕಡೆ ತಿರುಗಿದಳು. ಎಲ್ಲ ಆರಾಮ ಅದಾವ ಎಂದರೆ ಸಾಕಿತ್ತು, ಹುಡುಗಿ ಮಲಗುತ್ತಿದ್ದಳು.

"ಒಂದು ಹೋತು" ಎಂದ ಮುತ್ತುರಾಜ. "ನಾನ ಕೊಂದೆ."

ವಿದ್ಯಾ ಗೋಡೆಯ ಕಡೆ ಹೊರಳಿದಳು. ನಿದ್ದೆ ಹೋದಳೆಂದು ಎಲ್ಲರೂ ತಿಳಿದಾಗ, ಆ ಕಡೆ ಮುಖ ಇಟ್ಟುಕೊಂಡೇ ಕೇಳಿದಳು.

"ಅದರವ್ವ ತಿರುಗಿ ಬಂತೇನ?"

ಅವನಿಗೆ ಗೊತ್ತಿರಲಿಲ್ಲ. ನಿಂತು ನೋಡಿರಲಿಲ್ಲ.

"ಹಂಗಾರ ಹೋಗಿ ನೋಡಿ ಬಾ. ಅಲ್ಲೀತನಕ ನನ್ನ ಜೋಡಿ ಮಾತಾಡಬ್ಯಾಡ."

ಮುತ್ತುರಾಜ ಕಿಸೆಯಲ್ಲಿ ಬೈಕಿನ ಕೀಲಿ ತಡಕಿಕೊಂಡು ಎದ್ದ.